‘ಸ್ಟ್ಯಾಂಡ್ ಅಪ್ ಟು’: ಎದುರು ನಿಲ್ಲುವ ಮಾತನ್ನು ಇಂಗ್ಲಿಷಿನಲ್ಲಿ ತಪ್ಪಿಲ್ಲದೆ ಹೇಳುವುದು ಹೇಗೆ?

ಮೀಟಿಂಗ್‌ನಲ್ಲಿ ಎಲ್ಲರೂ ನಿಮ್ಮ ಮೇಲೆ ಮುಗಿಬಿದ್ದಾಗ ಒಬ್ಬ ಸಹೋದ್ಯೋಗಿ ನಿಮ್ಮ ಪರ ನಿಂತ ಅಂದುಕೊಳ್ಳಿ. ಸಂಜೆ ಅದನ್ನು ಇಂಗ್ಲಿಷಿನಲ್ಲಿ ಯಾರಿಗೋ ಹೇಳುವಾಗ ‘ಹಿ ಸ್ಟುಡ್ ಅಪ್ ಟು ಮಿ’ ಅಂದುಬಿಟ್ಟರೆ, ಕೇಳಿದವರಿಗೆ ಅವನು ನಿಮಗೇ ಎದುರು ನಿಂತ ಅಂತ ಅರ್ಥವಾಗುತ್ತದೆ. ಅಷ್ಟೇ ಅಲ್ಲ, ನೀವು ಅವನ ಮೇಲೆ ದಬ್ಬಾಳಿಕೆ ಮಾಡುತ್ತಿದ್ದಿರಿ ಅಂತಲೂ ಅನಿಸುತ್ತದೆ. ‘ಟು’ ಅನ್ನುವ ಒಂದು ಪುಟ್ಟ ಪದದಿಂದ ಕಥೆ ಪೂರ್ತಿ ತಿರುಗಿಬಿತ್ತು.

ಕೆಲಸದ ಇಂಟರ್‌ವ್ಯೂಗೆ ತಯಾರಾಗುವವರು, ಆಫೀಸಿನ ಮೇಲ್ ಬರೆಯುವವರು, ಕನ್ನಡ ಮೀಡಿಯಂನಲ್ಲಿ ಓದಿ ಈಗ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುವ ತಾಯಂದಿರು ನನ್ನನ್ನು ಮತ್ತೆ ಮತ್ತೆ ಕೇಳುವುದು ಇದನ್ನೇ: ‘ಟು’ ಎಲ್ಲಿ, ‘ಫಾರ್’ ಎಲ್ಲಿ? ‘ಐ ಸ್ಟ್ಯಾಂಡ್ ಅಪ್ ಟು ಪ್ರೆಶರ್’ ಅಂದರೆ ಸರಿಯಾ? ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಹೇಳುವ ಬದಲು ಪೂರ್ತಿ ವಿಷಯ ಇಲ್ಲಿ ಬರೆಯುತ್ತಿದ್ದೇನೆ.

ಬೇಕಾದದ್ದು ಜಾಸ್ತಿ ಏನಿಲ್ಲ. ಒಂದು ನೋಟ್‌ಬುಕ್, ಧ್ವನಿ ರೆಕಾರ್ಡ್ ಮಾಡಲು ಒಂದು ಫೋನ್, ಕಲಿಯುವವರಿಗಾಗಿಯೇ ಮಾಡಿದ ಒಂದು ಇಂಗ್ಲಿಷ್ ನಿಘಂಟು. ಆನ್‌ಲೈನ್ ನಿಘಂಟಾದರೂ ಆಯಿತು. ಅಂಥ ನಿಘಂಟುಗಳಲ್ಲಿ ಈ ಪದದ ಮುಂದೆ ‘ಎಸ್‌ಬಿ’, ‘ಎಸ್‌ಟಿಎಚ್’ ಅಂತ ಇರುತ್ತದೆ. ಮೊದಲನೆಯದು ‘ಸಮ್‌ಬಡಿ’, ಅಂದರೆ ಯಾರೋ ಒಬ್ಬರು. ಎರಡನೆಯದು ‘ಸಮ್‌ಥಿಂಗ್’, ಅಂದರೆ ಏನೋ ಒಂದು. ಆ ಜಾಗದಲ್ಲಿ ವ್ಯಕ್ತಿಯೂ ಬರಬಹುದು, ವಸ್ತುವೂ ಬರಬಹುದು ಅನ್ನುವ ಸೂಚನೆ ಅದು. ಹಲವರು ಅದನ್ನು ನೋಡದೆ ಮುಂದೆ ಹೋಗುತ್ತಾರೆ.

ಹಂತ 1: ಮೂರು ಪದವನ್ನು ಒಂದೇ ಪದ ಅಂತ ಕಿವಿಗೆ ಹಾಕಿಕೊಳ್ಳಿ

ಇಂಥ ಜೋಡಿ ಪದಗಳಿಗೆ ಇಂಗ್ಲಿಷಿನಲ್ಲಿ ಫ್ರೇಸಲ್ ವರ್ಬ್ ಅನ್ನುತ್ತಾರೆ. ಒಂದು ಕ್ರಿಯಾಪದ, ಅದರ ಬಾಲಕ್ಕೆ ಒಂದೋ ಎರಡೋ ಪುಟ್ಟ ಪದ. ಎಲ್ಲ ಸೇರಿದಾಗ ಹೊಸದೇ ಅರ್ಥ. ಕನ್ನಡದವರಿಗೆ ಇದು ಹೊಸದಲ್ಲ. ‘ಕೈ ಹಿಡಿದ’, ‘ಕೈ ಬಿಟ್ಟ’, ‘ಕೈ ಕೊಟ್ಟ’ ಅನ್ನುತ್ತೇವಲ್ವಾ? ‘ಕೈ ಕೊಟ್ಟ’ ಅಂದರೆ ಯಾರೂ ನಿಜವಾಗಿ ಕೈಯನ್ನು ಕೊಟ್ಟಿರುವುದಿಲ್ಲ. ಹಾಗೆಯೇ ‘ಸ್ಟ್ಯಾಂಡ್ ಅಪ್ ಟು’ ಅನ್ನಲು ಯಾರೂ ಕುರ್ಚಿಯಿಂದ ಏಳಬೇಕಾಗಿಲ್ಲ.

ಇದಕ್ಕೆ ರೋಸಾ ಪಾರ್ಕ್ಸ್ ಅವರಿಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. 1955ರ ಡಿಸೆಂಬರ್ 1ರಂದು ಅಮೆರಿಕದ ಅಲಬಾಮಾ ರಾಜ್ಯದ ಮಾಂಟ್‌ಗಮರಿಯಲ್ಲಿ, ಬಸ್ಸಿನ ಸೀಟನ್ನು ಬಿಳಿಯ ಪ್ರಯಾಣಿಕನಿಗೆ ಬಿಟ್ಟುಕೊಡಲು ಅವರು ಒಪ್ಪಲಿಲ್ಲ. ಕೂತಲ್ಲೇ ಕೂತರು. ಅವರನ್ನು ಬಂಧಿಸಲಾಯಿತು. ಅದನ್ನು ಇಂಗ್ಲಿಷಿನಲ್ಲಿ ಹೀಗೆ ಹೇಳಬಹುದು: ‘ಶಿ ಸ್ಟುಡ್ ಅಪ್ ಟು ಸೆಗ್ರಿಗೇಶನ್ ಬೈ ಸ್ಟೇಯಿಂಗ್ ಇನ್ ಹರ್ ಸೀಟ್.’ ಸೆಗ್ರಿಗೇಶನ್ ಅಂದರೆ ಬಣ್ಣ ನೋಡಿ ಜನರನ್ನು ಬೇರೆ ಬೇರೆ ಕೂರಿಸುತ್ತಿದ್ದ ಪದ್ಧತಿ. ಕೂತೇ ಎದುರು ನಿಂತರು. ಈ ವಾಕ್ಯ ಒಪ್ಪಿಗೆಯಾದರೆ ಪದದ ಅರ್ಥ ಅರ್ಧ ಸಿಕ್ಕಿದ ಹಾಗೆ.

ಇನ್ನು ಉಚ್ಚಾರ. ಮೂರು ಪದವನ್ನು ಬಿಡಿಸಿ ಹೇಳಬೇಡಿ. ‘ಸ್ಟ್ಯಾನ್-ಡಪ್-ಟು’ ಅಂತ ಒಂದೇ ಉಸಿರಿನಲ್ಲಿ ಬರಲಿ. ಒತ್ತು ನಡುವಿನ ‘ಅಪ್’ ಮೇಲೆ ಬೀಳಬೇಕು. ‘ಟು’ ತೀರಾ ಹಗುರ, ಹೆಚ್ಚು ಕಡಿಮೆ ‘ಟ’ ಅಂದ ಹಾಗೆ. ‘ಸ್ಟ್ಯಾಂಡ್‌ಅಪ್ ಕಾಮಿಡಿ’ ಅನ್ನುವಾಗ ಒತ್ತು ‘ಸ್ಟ್ಯಾಂಡ್’ ಮೇಲಿರುತ್ತದೆ. ಎರಡನ್ನೂ ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ವ್ಯತ್ಯಾಸ ನಿಮ್ಮ ಕಿವಿಗೇ ಗೊತ್ತಾಗುತ್ತದೆ.

ಹಂತ 2: ‘ಟು’ ಆದ ಮೇಲೆ ಯಾರಿದ್ದಾರೆ ನೋಡಿ

ಎಲ್ಲಕ್ಕಿಂತ ಮುಖ್ಯವಾದ ಹಂತ ಇದು. ಈ ಪದ ನಡುವೆ ನಿಂತು ನೋಡುವುದಿಲ್ಲ. ಒಂದು ಪಕ್ಷ ವಹಿಸುತ್ತದೆ. ‘ಟು’ ಆದ ಮೇಲೆ ಬರುವವರು ಬಲ ಇರುವವರು, ಆ ಬಲವನ್ನು ತಪ್ಪಾಗಿ ಬಳಸುವವರು. ಎದುರು ನಿಂತವರ ಕಡೆ ನ್ಯಾಯ ಇದೆ. ನೀವು ಬಾಯಿಬಿಟ್ಟು ಹೇಳದಿದ್ದರೂ ಕೇಳಿದವರು ಹೀಗೆಯೇ ತೆಗೆದುಕೊಳ್ಳುತ್ತಾರೆ.

‘ರಾಣಿ ಚೆನ್ನಮ್ಮ ಸ್ಟುಡ್ ಅಪ್ ಟು ದ ಈಸ್ಟ್ ಇಂಡಿಯಾ ಕಂಪನಿ ಇನ್ 1824.’ ಇದು ಸರಿಯಾದ ವಾಕ್ಯ. ಕಿತ್ತೂರು ಚಿಕ್ಕ ಸಂಸ್ಥಾನ, ಕಂಪನಿ ದೊಡ್ಡ ಶಕ್ತಿ. ದತ್ತು ಮಗನನ್ನು ಒಪ್ಪುವುದಿಲ್ಲ ಅಂದವರು ಕಂಪನಿಯವರು. ಬಲ, ಅನ್ಯಾಯ ಎರಡೂ ‘ಟು’ವಿನ ಆಚೆ ಇವೆ. ಇದನ್ನೇ ತಿರುಗಿಸಿ ‘ಕಂಪನಿ ಸ್ಟುಡ್ ಅಪ್ ಟು ಚೆನ್ನಮ್ಮ’ ಅಂದು ನೋಡಿ. ವ್ಯಾಕರಣದಲ್ಲಿ ತಪ್ಪಿಲ್ಲ. ಆದರೆ ಕಂಪನಿಯೇ ಬಡಪಾಯಿ, ರಾಣಿಯೇ ಪೀಡಿಸಿದವಳು ಅನ್ನುವ ಹಾಗಾಗುತ್ತದೆ.

ಇಲ್ಲಿ ತಂದೆ ತಾಯಿಯರು ಆಗಾಗ ಎಡವುತ್ತಾರೆ. ಮಗ ಎದುರು ಮಾತಾಡುತ್ತಾನೆ ಅಂತ ಶಾಲೆಯ ಟೀಚರ್ ಹತ್ತಿರ ದೂರುವಾಗ ‘ಮೈ ಸನ್ ಸ್ಟ್ಯಾಂಡ್ಸ್ ಅಪ್ ಟು ಮಿ’ ಅಂದರೆ, ದೂರು ನಿಮ್ಮ ಮೇಲೇ ಆಯಿತು! ಮಗನನ್ನು ಹೊಗಳಿದ ಹಾಗೂ ಆಯಿತು. ಎದುರುತ್ತರ ಕೊಡುವುದಕ್ಕೆ ಇಂಗ್ಲಿಷಿನಲ್ಲಿ ‘ಟಾಕ್ ಬ್ಯಾಕ್’ ಅಂತ ಬೇರೆ ಮಾತಿದೆ. ‘ಹಿ ಟಾಕ್ಸ್ ಬ್ಯಾಕ್ ಟು ಮಿ’ ಅನ್ನಿ. ಕನ್ನಡದಲ್ಲೂ ‘ಎದುರು ನಿಂತ’ ಬೇರೆ, ‘ಎದುರಾಡಿದ’ ಬೇರೆ. ಮೊದಲನೆಯದರಲ್ಲಿ ಧೈರ್ಯ ಇದೆ, ಎರಡನೆಯದರಲ್ಲಿ ಉದ್ಧಟತನದ ವಾಸನೆ ಇದೆ.

ಆಫೀಸಿನ ಮೇಲ್‌ನಲ್ಲೂ ಇದೇ ಎಚ್ಚರ ಇರಲಿ. ಮ್ಯಾನೇಜರ್ ಹೇಳಿದ್ದನ್ನು ನೀವು ಮರ್ಯಾದೆಯಿಂದ ಒಪ್ಪದಿದ್ದರೆ ಅದು ‘ಐ ಡಿಸಗ್ರೀಡ್ ವಿತ್ ಮೈ ಮ್ಯಾನೇಜರ್’. ‘ಐ ಸ್ಟುಡ್ ಅಪ್ ಟು ಮೈ ಮ್ಯಾನೇಜರ್’ ಅಂತ ಬರೆದರೆ ಅವರ ಮೇಲೆ ದಬ್ಬಾಳಿಕೆಯ ಆರೋಪ ಹೊರಿಸಿದಂತೆ. ನಿಜವಾಗಿಯೂ ಹಾಗೆ ನಡೆದಿದ್ದರೆ ಖಂಡಿತ ಬರೆಯಿರಿ. ಸುಮ್ನೆ ಚೆನ್ನಾಗಿ ಕೇಳಿಸುತ್ತದೆ ಅಂತ ಬರೆಯಬೇಡಿ.

ಹಂತ 3: ಕನ್ನಡದ ‘ಗೆ’ ಮತ್ತು ‘ಪರ’ ನೆನಪಿಟ್ಟುಕೊಳ್ಳಿ

‘ಟು’, ‘ಫಾರ್’ ಗೊಂದಲಕ್ಕೆ ಮದ್ದು ನಮ್ಮ ಭಾಷೆಯಲ್ಲೇ ಇದೆ. ಮೊದಲು ವಾಕ್ಯವನ್ನು ಕನ್ನಡದಲ್ಲಿ ಹೇಳಿಕೊಳ್ಳಿ. ‘ಯಾರಿಗೆ’ ಎದುರು ನಿಂತ ಅನ್ನುವುದಾದರೆ ‘ಗೆ’ ಬಂತು, ಅಲ್ಲಿ ‘ಟು’. ‘ಯಾರ ಪರ’ ನಿಂತ ಅನ್ನುವುದಾದರೆ ‘ಫಾರ್’. ನಮ್ಮಲ್ಲಿ ‘ಗೆ’ ಹೆಸರಿನ ಹಿಂದೆ ಅಂಟುತ್ತದೆ, ಇಂಗ್ಲಿಷಿನಲ್ಲಿ ‘ಟು’ ಹೆಸರಿನ ಮುಂದೆ ಬರುತ್ತದೆ. ಇಷ್ಟೇ ವ್ಯತ್ಯಾಸ.

1983ರಲ್ಲಿ ಶಿರಸಿ ಹತ್ತಿರದ ಸಾಲ್ಕಣಿಯ ಜನ ಕಾಡಿಗೆ ಹೋಗಿ ಮರಗಳನ್ನು ಅಪ್ಪಿಕೊಂಡು ನಿಂತರು. ಅಪ್ಪಿಕೋ ಚಳವಳಿ ಶುರುವಾದದ್ದು ಹಾಗೆ. ಆ ಒಂದೇ ಘಟನೆಯಲ್ಲಿ ಎರಡೂ ಪದಕ್ಕೆ ಜಾಗ ಇದೆ. ಮರ ಕಡಿಯಲು ಬಂದವರಿಗೆ ಎದುರು ನಿಂತರು: ‘ದೇ ಸ್ಟುಡ್ ಅಪ್ ಟು ದ ಲಾಗರ್ಸ್.’ ಕಾಡಿನ ಪರ ನಿಂತರು: ‘ದೇ ಸ್ಟುಡ್ ಅಪ್ ಫಾರ್ ದ ಫಾರೆಸ್ಟ್.’ ಈ ಎರಡು ವಾಕ್ಯವನ್ನು ಬಾಯಿಪಾಠ ಮಾಡಿ. ಗೊಂದಲ ಆದಾಗಲೆಲ್ಲ ಇಲ್ಲಿಗೆ ವಾಪಸ್ ಬನ್ನಿ: ಕೊಡಲಿಗೆ ‘ಟು’, ಕಾಡಿಗೆ ‘ಫಾರ್’.

ಹೇಳಹೇಳುತ್ತ ನಾನೇ ‘ಕಾಡಿಗೆ’ ಅಂದೆ, ಗಮನಿಸಿದಿರಾ? ಆ ‘ಗೆ’ ನೋಡಿ ಮೋಸ ಹೋಗಬೇಡಿ. ‘ಎದುರು’ ಅನ್ನುವ ಅರ್ಥದ ಜೊತೆ ಬರುವ ‘ಗೆ’ ಮಾತ್ರ ಲೆಕ್ಕಕ್ಕೆ.

ಮೂರನೆಯ ಅಪಾಯವೊಂದಿದೆ. ಹೆಸರನ್ನು ನಡುವೆ ತೂರಿಸಿದರೆ ಅರ್ಥ ಪೂರ್ತಿ ಬೇರೆ. ‘ಹಿ ಸ್ಟುಡ್ ಮಿ ಅಪ್’ ಅಂದರೆ ಬರುತ್ತೇನೆ ಅಂತ ಹೇಳಿ, ಕಾಯಿಸಿ, ಕೈ ಕೊಟ್ಟ. ಮದುವೆಗೆ ಹುಡುಗ ಹುಡುಗಿ ನೋಡಿಕೊಳ್ಳಲು ಹೋಟೆಲಿನಲ್ಲಿ ಭೇಟಿ ನಿಗದಿಯಾಗಿ ಒಬ್ಬರು ಬರಲೇ ಇಲ್ಲ ಅಂದರೆ ಈ ಮಾತು. ‘ಸ್ಟುಡ್ ಮಿ ಅಪ್’ ಕೈ ಕೊಟ್ಟ, ‘ಸ್ಟುಡ್ ಅಪ್ ಟು ಮಿ’ ಎದುರು ನಿಂತ, ‘ಸ್ಟುಡ್ ಅಪ್ ಫಾರ್ ಮಿ’ ಪರ ನಿಂತ. ನೋಟ್‌ಬುಕ್‌ನಲ್ಲಿ ಮೂರನ್ನೂ ಒಂದರ ಕೆಳಗೊಂದು ಬರೆಯಿರಿ.

ಹಂತ 4: ವಸ್ತುಗಳೂ ಎದುರು ನಿಲ್ಲುತ್ತವೆ

ಇದು ಪದದ ಎರಡನೆಯ ಅರ್ಥ. ಬಿಸಿಲು, ಮಳೆ, ಒರಟು ಬಳಕೆಗೆ ವಸ್ತು ತಾಳುತ್ತದಾ, ಬಾಳಿಕೆ ಬರುತ್ತದಾ ಅನ್ನುವ ಪ್ರಶ್ನೆ. ‘ದಿಸ್ ಅಂಬ್ರೆಲಾ ವೋಂಟ್ ಸ್ಟ್ಯಾಂಡ್ ಅಪ್ ಟು ದ ರೇನ್ ಇನ್ ಆಗುಂಬೆ.’ ಈ ಕೊಡೆ ಆಗುಂಬೆ ಮಳೆಗೆ ತಡೆಯಲ್ಲ. ‘ಮಂಗಳೂರು ಟೈಲ್ಸ್ ಸ್ಟ್ಯಾಂಡ್ ಅಪ್ ವೆಲ್ ಟು ಹೆವಿ ರೇನ್.’ 1865ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದರು. ಆ ಕೆಂಪು ಹಂಚು ಕರಾವಳಿಯ ಜೋರು ಮಳೆಗೆ ತಾಳಿಕೊಂಡು ಇವತ್ತಿಗೂ ಮನೆಗಳ ಮೇಲಿದೆ. ‘ವೆಲ್’ ಕೂತಿರುವ ಜಾಗ ನೋಡಿಕೊಳ್ಳಿ: ‘ಅಪ್’ ಮತ್ತು ‘ಟು’ ನಡುವೆ. ಅಲ್ಲಿ ಅದು ಸಹಜ.

ಮಳೆಗೆ ತಾಳುತ್ತದೆ, ಬಿಸಿಲಿಗೆ ತಡೆಯುತ್ತದೆ. ಇಲ್ಲೂ ನಮ್ಮ ‘ಗೆ’ಯೇ ಇದೆ, ಅಲ್ವಾ? ಇಲ್ಲೂ ‘ಟು’ವೇ.

ವಾದ, ಲೆಕ್ಕ, ಸಾಕ್ಷಿಗೂ ಇದನ್ನೇ ಬಳಸುತ್ತಾರೆ. ‘ಯುವರ್ ಆರ್ಗ್ಯುಮೆಂಟ್ ಡಸ್ ನಾಟ್ ಸ್ಟ್ಯಾಂಡ್ ಅಪ್ ಟು ಸ್ಕ್ರೂಟಿನಿ.’ ಸ್ಕ್ರೂಟಿನಿ ಅಂದರೆ ಬಿಡಿಸಿ ಬಿಡಿಸಿ ನೋಡುವ ಪರಿಶೀಲನೆ. ಹತ್ತಿರದಿಂದ ನೋಡಿದರೆ ನಿಮ್ಮ ವಾದ ನಿಲ್ಲೋದಿಲ್ಲ ಅಂತ. ಆದರೆ ಕೋರ್ಟಿನ ವಿಷಯ ಬಂದಾಗ ‘ಟು’ ಬಿಡಬೇಕು: ‘ದಿಸ್ ಎವಿಡೆನ್ಸ್ ವೋಂಟ್ ಸ್ಟ್ಯಾಂಡ್ ಅಪ್ ಇನ್ ಕೋರ್ಟ್.’ ಕೋರ್ಟು ಇಲ್ಲಿ ಎದುರಾಳಿಯಲ್ಲ, ಸಾಕ್ಷಿ ನಿಲ್ಲಬೇಕಾದ ಜಾಗ. ಕನ್ನಡದಲ್ಲೂ ‘ಕೋರ್ಟಿನಲ್ಲಿ ನಿಲ್ಲಲ್ಲ’ ಅನ್ನುತ್ತೇವೆಯೇ ಹೊರತು ‘ಕೋರ್ಟಿಗೆ ನಿಲ್ಲಲ್ಲ’ ಅನ್ನುವುದಿಲ್ಲ.

ಹಂತ 5: ಒತ್ತಡ ಯಾವ ಬಗೆಯದು ಅಂತ ಕೇಳಿಕೊಳ್ಳಿ

ಇಂಟರ್‌ವ್ಯೂಗೆ ಹೋಗುವವರು ಈ ಹಂತವನ್ನು ಎರಡು ಸಲ ಓದಿ. ‘ಹೌ ಡು ಯು ಹ್ಯಾಂಡಲ್ ಪ್ರೆಶರ್?’ ಅಂತ ಕೇಳಿದಾಗ ಹಲವರು ‘ಐ ಸ್ಟ್ಯಾಂಡ್ ಅಪ್ ಟು ಪ್ರೆಶರ್’ ಅಂದುಬಿಡುತ್ತಾರೆ. ಕೇಳಿದವರು ಅರ್ಥ ಮಾಡಿಕೊಳ್ಳುತ್ತಾರೆ, ಆದರೆ ಮಾತು ಸರಿಯಾಗಿ ಕೂರುವುದಿಲ್ಲ.

ಕನ್ನಡದ ‘ಒತ್ತಡ’ ಎರಡು ಬೇರೆ ಸಂಗತಿಗಳನ್ನು ಒಂದೇ ಚೀಲಕ್ಕೆ ಹಾಕುತ್ತದೆ. ಒಂದು, ಕೆಲಸದ ಹೊರೆ, ಡೆಡ್‌ಲೈನ್, ತಲೆಬಿಸಿ. ಇನ್ನೊಂದು, ಯಾರೋ ನಮ್ಮಿಂದ ಏನನ್ನೋ ಮಾಡಿಸಲು ಹಾಕುವ ಒತ್ತಾಯ. ಮೊದಲನೆಯದಕ್ಕೆ ಎದುರು ನಿಲ್ಲುವ ಪ್ರಶ್ನೆ ಇಲ್ಲ. ಅದರೊಳಗೆ ಇದ್ದುಕೊಂಡೇ ಕುಸಿಯದೆ ಕೆಲಸ ಮಾಡಬೇಕು. ಹಾಗಾಗಿ ಇಂಗ್ಲಿಷಿನವರು ‘ಅಂಡರ್’ ಅನ್ನುತ್ತಾರೆ. ‘ಐ ಹೋಲ್ಡ್ ಅಪ್ ವೆಲ್ ಅಂಡರ್ ಪ್ರೆಶರ್.’ ಇನ್ನೂ ಸರಳವಾಗಿ ‘ಐ ವರ್ಕ್ ವೆಲ್ ಅಂಡರ್ ಪ್ರೆಶರ್.’ ಇಂಟರ್‌ವ್ಯೂಗೆ ಇದೇ ಸರಿ.

ಎರಡನೆಯ ಬಗೆಗೆ ಮಾತ್ರ ‘ಸ್ಟ್ಯಾಂಡ್ ಅಪ್ ಟು’. ಸುಳ್ಳು ಬಿಲ್‌ಗೆ ಸಹಿ ಹಾಕು ಅಂತ ಮೇಲಿನವರು ಒತ್ತಾಯಿಸಿದರೂ ಜಗ್ಗದ ಅಕೌಂಟೆಂಟ್ ಬಗ್ಗೆ ಹೀಗೆ ಹೇಳಬಹುದು: ‘ಶಿ ಸ್ಟುಡ್ ಅಪ್ ಟು ಪ್ರೆಶರ್ ಫ್ರಮ್ ಹರ್ ಬಾಸಸ್.’ ಇಲ್ಲಿರುವ ‘ಫ್ರಮ್’ ಒಳ್ಳೆಯ ಗುರುತು. ಒತ್ತಡ ಯಾರಿಂದ ಅಂತ ಹೇಳಲು ಬಂದರೆ ‘ಸ್ಟ್ಯಾಂಡ್ ಅಪ್ ಟು’ ಹಾಕಿ. ಬರೀ ಕೆಲಸದ ಒತ್ತಡವಾದರೆ ‘ಅಂಡರ್’ ಕಡೆ ಹೋಗಿ.

ಹಂತ 6: ವಾಕ್ಯ ಕಟ್ಟುವಾಗ

ವ್ಯಾಕರಣ ಇಲ್ಲಿ ಸುಲಭ, ಬೇಗ ಮುಗಿಸೋಣ.

ಭೂತಕಾಲ ‘ಸ್ಟುಡ್’. ‘ಸ್ಟ್ಯಾಂಡೆಡ್’ ಅಂತ ಇಲ್ಲ. ‘ಹ್ಯಾಸ್’, ‘ಹ್ಯಾವ್’ ಜೊತೆಗೂ ‘ಸ್ಟುಡ್’. ಪ್ರಶ್ನೆ ಕೇಳುವಾಗ ಕೊನೆಯ ‘ಟು’ ಬಿಡಬೇಡಿ: ‘ಹೂ ಡಿಡ್ ಶಿ ಸ್ಟ್ಯಾಂಡ್ ಅಪ್ ಟು?’ ವಾಕ್ಯ ‘ಟು’ನಲ್ಲಿ ಮುಗಿದರೆ ಏನೂ ತಪ್ಪಿಲ್ಲ. ‘ಧೈರ್ಯವಾಗಿ’, ‘ಕೊನೆಗೂ’ ಅನ್ನುವಂಥ ಪದಗಳನ್ನು ಕ್ರಿಯಾಪದದ ಮುಂದೆ ಹಾಕಿ: ‘ಶಿ ಫೈನಲಿ ಸ್ಟುಡ್ ಅಪ್ ಟು ಹಿಮ್.’

ಇನ್ನೊಂದು ಬಲೆ ಇದೆ. ‘ಶಿ ಸ್ಟುಡ್ ಅಪ್ ಟು ಸ್ಪೀಕ್’ ಅಂದರೆ ಮಾತಾಡಲು ಎದ್ದು ನಿಂತಳು, ಅಷ್ಟೇ. ಎದುರಿಸುವ ಮಾತಿಲ್ಲ. ‘ಶಿ ಸ್ಟುಡ್ ಅಪ್ ಟು ದ ಸ್ಪೀಕರ್’ ಅಂದರೆ ಭಾಷಣಕಾರನಿಗೆ ಎದುರು ನಿಂತಳು. ‘ಟು’ ಆದ ಮೇಲೆ ಕ್ರಿಯಾಪದ ಬಂದರೆ ಎದ್ದು ನಿಲ್ಲುವುದು, ಹೆಸರು ಬಂದರೆ ಎದುರು ನಿಲ್ಲುವುದು. ಓದುವಾಗ ‘ಹಿ ಸ್ಟುಡ್ ಅಪ್ ಟು ಹಿಸ್ ವೇಸ್ಟ್ ಇನ್ ವಾಟರ್’ ಅಂತ ಸಿಕ್ಕರೆ ಗಾಬರಿ ಬೇಡ. ಅವನು ಸೊಂಟಕ್ಕೆ ಎದುರು ನಿಂತಿಲ್ಲ. ಅಲ್ಲಿ ‘ಅಪ್ ಟು’ ಅಂದರೆ ‘ವರೆಗೆ’. ಸೊಂಟದವರೆಗೆ ನೀರಿನಲ್ಲಿ ನಿಂತಿದ್ದ.

ಹಂತ 7: ಅಕ್ಕಪಕ್ಕದ ಪದಗಳನ್ನು ಗುರುತಿಸಿ

ಪರೀಕ್ಷೆಯಲ್ಲಿ, ಗಂಭೀರ ವರದಿಗಳಲ್ಲಿ ‘ರೆಸಿಸ್ಟ್’, ‘ವಿತ್‌ಸ್ಟ್ಯಾಂಡ್’ ಬಳಸಬಹುದು. ಆದರೆ ಅವಕ್ಕೆ ‘ಟು’ ಹಾಕಬೇಡಿ. ‘ರೆಸಿಸ್ಟ್ ಟು ಪ್ರೆಶರ್’, ‘ವಿತ್‌ಸ್ಟ್ಯಾಂಡ್ ಟು ಹೀಟ್’ ಎರಡೂ ತಪ್ಪು. ‘ಸ್ಟ್ಯಾಂಡ್ ಅಪ್ ಟು’ ಚೆನ್ನಾಗಿ ಕಲಿತವರೇ ಈ ತಪ್ಪು ಮಾಡುತ್ತಾರೆ. ‘ಗೆ’ ಎಲ್ಲ ಕಡೆ ಬಾಯಿಗೆ ಬಂದುಬಿಡುತ್ತದೆ.

‘ಹೋಲ್ಡ್ ಔಟ್’ ಅಂದರೆ ಪಟ್ಟು ಬಿಡದೆ ಬಹುಕಾಲ ತಾಳುವುದು. ಇದರಲ್ಲಿ ಕಾಲದ ಲೆಕ್ಕ ಇದೆ. ಮುತ್ತಿಗೆ ಬಿದ್ದ ಕೋಟೆಗೆ ಹೇಳಿ ಮಾಡಿಸಿದ ಮಾತು. ‘ಚಿತ್ರದುರ್ಗ ಹೆಲ್ಡ್ ಔಟ್ ಅಗೇನ್ಸ್ಟ್ ಹೈದರ್ ಅಲಿ ಅಂಟಿಲ್ 1779.’ ಎದುರು ನಿಲ್ಲುವುದು ಒಂದು ಗಳಿಗೆಯ ಧೈರ್ಯ ಆಗಬಹುದು. ‘ಹೋಲ್ಡ್ ಔಟ್’ ಹಾಗಲ್ಲ, ದಿನ ದಿನವೂ ತಾಳಬೇಕು.

‘ಪುಟ್ ಅಪ್ ವಿತ್’ ಅಂದರೆ ಗೊಣಗಿಕೊಂಡಾದರೂ ಸಹಿಸಿಕೊಳ್ಳುವುದು. ಅಂದರೆ ನಮ್ಮ ಪದದ ಉಲ್ಟಾ. ‘ಗಿವ್ ಇನ್ ಟು’ ಅಂದರೆ ಮಣಿಯುವುದು.

‘ಬೇರ್ ಅಪ್’ ಬಗ್ಗೆ ಸ್ವಲ್ಪ ನಿಲ್ಲುತ್ತೇನೆ. ಹೊರದೇಶದಲ್ಲಿರುವ ಕನ್ನಡಿಗರಿಗೆ, ಹೊರಗಿನವರ ಜೊತೆ ಕೆಲಸ ಮಾಡುವವರಿಗೆ ಇದು ಬೇಕೇ ಬೇಕು. ಸಾವು, ಕಾಯಿಲೆ, ದುಃಖದ ಹೊತ್ತಿನಲ್ಲಿ ಮನಸ್ಸು ಕುಸಿಯದೆ ಇರುವುದಕ್ಕೆ ಈ ಮಾತು. ಸಹೋದ್ಯೋಗಿಯ ತಂದೆ ತೀರಿಕೊಂಡಾಗ ಅವಳ ಗೆಳತಿಯ ಹತ್ತಿರ ‘ಹೌ ಈಸ್ ಶಿ ಬೇರಿಂಗ್ ಅಪ್?’ ಅಂತ ಕೇಳುತ್ತಾರೆ. ಸುಧಾರಿಸಿಕೊಳ್ಳುತ್ತಿದ್ದಾಳಾ, ತಡೆದುಕೊಂಡಿದ್ದಾಳಾ ಅಂತ. ಅಲ್ಲಿ ‘ಸ್ಟ್ಯಾಂಡಿಂಗ್ ಅಪ್’ ಅಂದರೆ ಎದ್ದು ನಿಂತಿದ್ದಾಳಾ ಅಂತ ಕೇಳಿದ ಹಾಗಾಗುತ್ತದೆ. ದುಃಖದ ಮನೆಯಲ್ಲಿ ಆಡುವ ಮಾತು ಸರಿಯಾಗಿರಲಿ ಅನ್ನುವುದಕ್ಕೇ ಇದನ್ನು ಬಿಡಿಸಿ ಹೇಳಿದೆ.

ಹಂತ 8: ಕೈಯಾರೆ ಮಾಡಿ ನೋಡಿ

ಕೆಳಗಿನ ಐದು ವಾಕ್ಯಗಳನ್ನು ಇಂಗ್ಲಿಷಿಗೆ ತನ್ನಿ. ಉತ್ತರ ನೋಡುವ ಮೊದಲು ಬರೆದು, ಜೋರಾಗಿ ಹೇಳಿ, ರೆಕಾರ್ಡ್ ಮಾಡಿಕೊಳ್ಳಿ.

1. ಅಕ್ಕ ನನ್ನ ಪರ ನಿಂತಳು.
2. ಈ ಚಪ್ಪಲಿ ಮಳೆಗಾಲಕ್ಕೆ ತಡೆಯಲ್ಲ.
3. ಅವನು ಕೊನೆಗೂ ಮನೆ ಓನರ್‌ಗೆ ಎದುರು ನಿಂತ.
4. ಕೆಲಸದ ಒತ್ತಡ ಇದ್ದರೂ ಅವಳು ಕುಸಿಯಲಿಲ್ಲ.
5. ಅವಳು ಪ್ರಶ್ನೆ ಕೇಳಲು ಎದ್ದು ನಿಂತಳು.

ಈಗ ಉತ್ತರ. ಒಂದನೆಯದು ‘ಮೈ ಸಿಸ್ಟರ್ ಸ್ಟುಡ್ ಅಪ್ ಫಾರ್ ಮಿ’. ಎರಡನೆಯದು ‘ದೀಸ್ ಸ್ಯಾಂಡಲ್ಸ್ ವೋಂಟ್ ಸ್ಟ್ಯಾಂಡ್ ಅಪ್ ಟು ದ ಮಾನ್ಸೂನ್’. ಮೂರನೆಯದು ‘ಹಿ ಫೈನಲಿ ಸ್ಟುಡ್ ಅಪ್ ಟು ಹಿಸ್ ಲ್ಯಾಂಡ್‌ಲಾರ್ಡ್’. ಇಲ್ಲಿ ಓನರ್ ಕಡೆ ತಪ್ಪಿತ್ತು ಅನ್ನುವುದೂ ಒಳಗೇ ಸೇರಿಕೊಂಡಿದೆ. ನಾಲ್ಕನೆಯದು ‘ಶಿ ಹೆಲ್ಡ್ ಅಪ್ ಅಂಡರ್ ಪ್ರೆಶರ್ ಅಟ್ ವರ್ಕ್’. ಐದನೆಯದು ‘ಶಿ ಸ್ಟುಡ್ ಅಪ್ ಟು ಆಸ್ಕ್ ಎ ಕ್ವೆಶ್ಚನ್’. ಇಲ್ಲಿ ಅವಳು ಯಾರಿಗೂ ಎದುರು ನಿಂತಿಲ್ಲ.

ನಾಲ್ಕನೆಯದು ತಪ್ಪಿದ್ದರೆ ಹಂತ 5ಕ್ಕೆ ವಾಪಸ್ ಹೋಗಿ. ಐದನೆಯದು ತಪ್ಪಿದ್ದರೆ ಹಂತ 6. ಎಲ್ಲವೂ ಸರಿಯಾಗಿದ್ದರೆ ನಿಮ್ಮ ಜೀವನದಲ್ಲಿ ನಿಮ್ಮ ಪರ ನಿಂತ ಒಬ್ಬರು, ನೀವು ಎದುರು ನಿಂತ ಒಬ್ಬರು, ಇಬ್ಬರ ಬಗ್ಗೆಯೂ ಒಂದೊಂದು ವಾಕ್ಯ ಬರೆಯಿರಿ. ನಿಮ್ಮದೇ ವಾಕ್ಯ ಆದರೆ ಮರೆಯುವುದಿಲ್ಲ.